ಯಂತ್ರದ ಮುಂದೆ ಸ್ತೋತ್ರ

“ಎವರಿತೋ ಮಾಟ್ಲಾಡುತುನ್ನಾರು ಮೇಡಂ? ಲೋಪಲ ಎವರೂ ಲೇರು ಕದಾ!”

ಗೋಡೆಯ ಸ್ಪೀಕರಿನಿಂದ ಸೂಪರ್‌ವೈಸರ್ ದನಿ ಬಂದಾಗ ನನ್ನ ಕೈಯಲ್ಲಿದ್ದ ಬಟ್ಟೆ ಜಾರಿಬಿತ್ತು. ಒಳಗೆ ಯಾರೂ ಇಲ್ಲವಲ್ಲ, ಯಾರ ಜೊತೆ ಮಾತು ಎಂದು ಅವರು ತೆಲುಗಿನಲ್ಲಿ ಕೇಳುತ್ತಿದ್ದರು. ಆಂಧ್ರದ ಅಚ್ಯುತಾಪುರಂನ ಔಷಧ ಕಾರ್ಖಾನೆಯಲ್ಲಿ ಅದು ನನ್ನ ಎರಡನೇ ವಾರ. ಟೋಪಿ, ಮಾಸ್ಕು, ಗೌನು ತೊಟ್ಟು, ಮಾತ್ರೆ ಒತ್ತುವ ಯಂತ್ರವನ್ನು ನಿಲ್ಲಿಸಿ ಒಬ್ಬಳೇ ಒರೆಸುತ್ತಿದ್ದೆ. ಹೊರಗಿನವರೊಡನೆ ಮಾತಾಡಲೆಂದು ಇಟ್ಟಿದ್ದ ಮೈಕು ನನ್ನ ಮೊಣಕೈ ತಾಗಿ ಆನ್ ಆಗಿದ್ದು ಗೊತ್ತೇ ಆಗಿರಲಿಲ್ಲ.

ನಾನು ಮಾತಾಡುತ್ತಿದ್ದದ್ದು ಆ ಯಂತ್ರದ ಜೊತೆ, ನಮ್ಮ ಗದಗಿನ ಮಾತಿನಲ್ಲಿ. “ಏನೋ ತಮ್ಮಾ, ನಿನ್ನೆ ರವಿವಾರ ನೀನೂ ಒಬ್ಬನ ಇದ್ದ್ಯೇನು? ನಾನಂತೂ ಹಾಲಿನಂಗಡ್ಯಾಗ ಬಿಟ್ರ ಎಲ್ಲೂ ಬಾಯಿ ಬಿಚ್ಚಿಲ್ಲ ನೋಡು.”

ಗಾಜಿನ ಗೋಡೆಯಾಚೆ ಕೆಲಸದವರೆಲ್ಲ ನಿಂತು ನನ್ನನ್ನೇ ನೋಡಿ ನಗುತ್ತಿದ್ದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ, ಅದೊಂದೇ ಪುಣ್ಯ. ಮೈಕಿನತ್ತ ಬಾಗಿ, “ಸ್ತೋತ್ರ ಸರ್” ಅಂದುಬಿಟ್ಟೆ. ನಗುತ್ತಿದ್ದವರು ತಟ್ಟನೆ ಗಂಭೀರರಾದರು. ಸೂಪರ್‌ವೈಸರ್ ಅಲ್ಲಿಂದಲೇ ಕೈಮುಗಿದರು. ಈಗ ನಾನು ನಕ್ಕೆ. ಮಾಸ್ಕಿನೊಳಗೆ ನಕ್ಕರೂ ಅತ್ತರೂ ಹೊರಗಿನವರಿಗೆ ಒಂದೇ.

ಅಂದಿನಿಂದ ಕಾರ್ಖಾನೆಯಲ್ಲಿ ನನಗೆ ವಿಶೇಷ ಮರ್ಯಾದೆ. ನಾನು ಯಂತ್ರ ಒರೆಸುವ ಹೊತ್ತಿಗೆ, ಮೇಡಂ ಸ್ತೋತ್ರಕ್ಕೆ ಭಂಗ ಬರಬಾರದೆಂದು, ಆ ಕಡೆ ಒಂದು ನರಪಿಳ್ಳೆಯೂ ಸುಳಿಯುವುದಿಲ್ಲ.