ಗೇರ್ ಬದಲಿಸಿದರೆ ಕುಕ್ಕರ್ ಸೀಟಿ

ಮಾರಾಯ್ರೆ, ಇವತ್ತು ಪಕ್ಕದ ಮನೆಯ ಮಂಗಲಕ್ಕ ಬಿಸಿ ಕುಕ್ಕರ್ ಹಿಡಿದುಕೊಂಡೇ ನಮ್ಮ ಅಂಗಳಕ್ಕೆ ಬಂದರು. “ಎಂತ ಮಾಡಿಟ್ಟೆ ನೀನು? ನಾನು ಸೀಟಿ ಎಣಿಸಿಯೇ ಗ್ಯಾಸ್ ಬಂದ್ ಮಾಡಿದ್ದೆ. ನೋಡು, ಕುಚ್ಚಲಕ್ಕಿ ಕಲ್ಲಿನ ಹಾಂಗೆ ಅದೆ!”

ಸೀಟಿ ಹೊಡೆದದ್ದು ಕುಕ್ಕರಲ್ಲ, ನನ್ನ ಕಾರು. ಭಟ್ಕಳದಲ್ಲಿ ಕೊಂಡ ಎರಡು ಬಾಗಿಲಿನ ಹಳೇ ಸ್ಪೋರ್ಟ್ಸ್ ಕಾರಿಗೆ ಎಂಜಿನ್ನಿಗೆ ಒತ್ತಿ ಗಾಳಿ ತುಂಬುವ ಟರ್ಬೊವನ್ನು ನಾನೇ ಕೂರಿಸಿದ್ದೇನೆ. ಮಳೆಗಾಲವಿಡೀ ಎಲ್ಲೋ ಗಾಳಿ ಸೋರಿ ಒತ್ತಡವೇ ಕಟ್ಟುತ್ತಿರಲಿಲ್ಲ. “ಚೌತಿಯೊಳಗೆ ಓಡದಿದ್ರೆ ಗುಜರಿಗೆ ಹಾಕು” ಎಂದು ಅಮ್ಮ, ನಮ್ಮ ಆಯಿ, ಹೇಳಿಯಾಗಿತ್ತು. ಇವತ್ತು ಹೊಸ ಪೈಪು ಬಿಗಿದು, ಕುಮಟೆಯ ನಮ್ಮ ಕೇರಿಯಲ್ಲೇ ಸುತ್ತು ಹೊಡೆದೆ. ಗೇರ್ ಬದಲಿಸಿದಾಗಲೆಲ್ಲ ಹೆಚ್ಚಿನ ಗಾಳಿ ಹೊರಬಿಡುವ ವಾಲ್ವು ‘ಫುಸ್ಸ್’ ಎಂದಿತು. ಥೇಟ್ ಕುಕ್ಕರ್! ಖುಷಿಯಲ್ಲಿ ಮತ್ತೆ ಮತ್ತೆ ಗೇರ್ ಬದಲಿಸಿದೆ.

ನಾನು ಬಗ್ಗಿ ಮಂಗಲಕ್ಕನ ಅನ್ನ ನೋಡುವಷ್ಟರಲ್ಲಿ ಆಯಿಯೂ ನಮ್ಮ ಕುಕ್ಕರಿನ ಮುಚ್ಚಳ ತೆಗೆದು ನೋಡಿ ಹೊರಬಂದಳು. ನಮ್ಮ ಅನ್ನವೂ ಬೆಂದಿರಲಿಲ್ಲ. ಕಾರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

“ಆತು, ಗುಜರಿಗೆ ಬೇಡ. ಆದ್ರೆ ನಾಳೆಯಿಂದ ಅನ್ನ ಬೆಂದ ಮೇಲೇ ಕಾರು ಹೊರಗೆ ತೆಗಿ.”

ಇವತ್ತು ನಮ್ಮ ಕೇರಿಯಲ್ಲಿ ಯಾರಿಗೂ ಹೊತ್ತಿಗೆ ಸರಿಯಾಗಿ ಊಟವಾಗಿಲ್ಲ. ಟರ್ಬೊ ಕೆಲಸ ಮಾಡುತ್ತಿದೆ ಎನ್ನಲು ಇನ್ನೆಂತ ಸಾಕ್ಷಿ ಬೇಕು?