ಕೆಂಪು ಗೆರೆಯ ಕೆಳಗಿನ ಹೆಸರು

ಕೋಲಸಿರ್ಸಿಯ ಗಂಗಾ ನಾಯ್ಕ ಸಿದ್ದಾಪುರದ ಅನುದಾನಿತ ಕಾಲೇಜೊಂದಕ್ಕೆ ಅರ್ಥಶಾಸ್ತ್ರ ಕಲಿಸಲು ಸೇರಿದ್ದು 1979ರಲ್ಲಿ. ಇಪ್ಪತ್ತೆರಡು ವರ್ಷ ದಿನಾ ಬಸ್ಸಿನಲ್ಲಿ ಬಂದು ಹೋದಳು. ಅವಳಿಗಿಂತ ಹಳಬರೆಲ್ಲ ನಿವೃತ್ತರಾಗಿದ್ದರು. 2001ರ ಮೇ ತಿಂಗಳಲ್ಲಿ ಪ್ರಾಂಶುಪಾಲರೂ ಹೊರಡುವವರು. ಸೇವಾ ಹಿರಿತನದ ಮೇಲೆ ಆ ಕುರ್ಚಿ ಅವಳದ್ದು.

ಫೆಬ್ರವರಿಯಲ್ಲಿ ಹಿರಿತನದ ಪಟ್ಟಿ ಗೋಡೆಗೆ ಬಂತು. ಮೊದಲ ಹೆಸರು ವೆಂಕಟ್ರಮಣನದು, 1986ರಲ್ಲಿ ಸೇರಿದವನು. ಗಂಗಾಳದು ಹನ್ನೊಂದನೆಯದು! ಅಧ್ಯಾಪಕರ ಹಾಜರಿ ಪುಸ್ತಕ ನೋಡಿ ಹಾಗೇ ಇಳಿಸಿದ್ದರು. ಅದರಲ್ಲಿ ಮೊದಲು ಗಂಡಸರು, ಆಮೇಲೆ ಕೆಂಪು ಗೆರೆ, ಅದರ ಕೆಳಗೆ ಹೆಂಗಸರು. ನಿನ್ನೆ ಮೊನ್ನೆ ಸೇರಿದ ಗಂಡಸೂ ಅವಳಿಗಿಂತ ಮೇಲೆ.

ವಿಚಾರಿಸಲು ಹೋದರೆ ಆಡಳಿತ ಮಂಡಳಿಯ ಅಧ್ಯಕ್ಷ ಚಂದ್ರಶೇಖರಪ್ಪ ಕೇಳಿದ್ದು ಒಂದೇ ಮಾತು: “ಇಪ್ಪತ್ತೆರಡು ವರ್ಷ ಅದೇ ಜಾಗದಲ್ಲಿ ಸಹಿ ಹಾಕಿದ್ರಲ್ಲ ಮೇಡಂ, ಆಗ ಎಂತ ಕಣ್ಣು ಕಾಣ್ತಿರ್ಲಿಲ್ವ? ತಿಂಗಳ ಕೊನೆಗೆ ಪಟ್ಟಿ ಇಲಾಖೆಗೆ ಹೋಗ್ತದೆ.”

ಮರುದಿನದಿಂದ ಗಂಗಾ ಸಹಿ ಹಾಕುವುದನ್ನು ಬಿಟ್ಟಳು. ಪಾಠ ಬಿಡಲಿಲ್ಲ. ಹಾವೇರಿ ಕಡೆಯ ಗುಮಾಸ್ತ ದ್ಯಾಮಪ್ಪ ಪುಸ್ತಕ ಹಿಡಿದು ಬೆನ್ನು ಬಿದ್ದ.

“ಒಂದು ಸಹಿ ಒಗದು ಹೋಗ್ರಿ ಮೇಡಂ, ನನ್ನ ತಲಿ ಯಾಕ ತಿಂತೀರಿ?”

“ಹೆಸರು ಸರಿ ಜಾಗದಲ್ಲಿ ಬರಿ, ನೂರು ಸಹಿ ಹಾಕ್ತೆ.”

ದಿನಕ್ಕೊಂದು ಗೈರುಹಾಜರಿ ಬಿತ್ತು. ಹತ್ತಾದರೆ ಅಮಾನತು ಎಂಬ ನೋಟೀಸೂ ಬಂತು. ನಾನು ಅವಳ ಗೆಳತಿ, ಊರಿನ ಮಹಿಳಾ ಸಂಘದವಳು; ಗೇಟಿಗೆ ಧರಣಿ ಕೂರೋಣ ಎಂದು ಹಾರಾಡಿದೆ. “ನಿಮ್ಮ ಧರಣಿ ನಾಲ್ಕು ದಿನದ್ದು. ನಂಗೆ ಆಮೇಲೂ ಅಲ್ಲೇ ಪಾಠ ಮಾಡಬೇಕು” ಎಂದು ಬಾಯಿ ಮುಚ್ಚಿಸಿದಳು.

ಎಂಟನೇ ದಿನ ತರಗತಿಯಲ್ಲಿ ಹಾಜರಿ ಕೂಗುವಾಗ ಭೂಮಿಕಾ ಎಂಬ ಹುಡುಗಿ ಎದ್ದಳು. “ಮೇಡಂ, ನೀವೂ ಹುಡುಗ್ರು ಮುಗಿದ ಮೇಲೇ ನಮ್ಮನ್ನ ಕರೀತ್ರಲ್ಲ?”

ತರಗತಿ ನಕ್ಕಿತು. ಗಂಗಾಳ ಮುಖ ಕೆಂಪೇರಿತು. ಕೈಯಲ್ಲಿದ್ದ ವಿದ್ಯಾರ್ಥಿಗಳ ಹಾಜರಿ ಪುಸ್ತಕವನ್ನೇ ನೋಡುತ್ತ ನಿಂತಳು. ಆಗ ಕಣ್ಣಿಗೆ ಬಿತ್ತು: ಪ್ರತಿ ಪಾಠಕ್ಕೂ ತನ್ನ ಸಹಿ, ಶನಿವಾರ ಶನಿವಾರ ಪ್ರಾಂಶುಪಾಲರ ಸಹಿ.

ಮರುದಿನ ಆ ಪುಸ್ತಕವನ್ನು ಅಧ್ಯಕ್ಷರ ಮೇಜಿನ ಮೇಲೆ ಬಿಚ್ಚಿಟ್ಟಳು. “ನಾನು ಗೈರಾಗಿದ್ರೆ ಈ ಪಾಠ ಯಾರು ಮಾಡಿದ್ದು? ಪ್ರಾಂಶುಪಾಲರು ಸಹಿ ಹಾಕಿದ್ದು ಎಂತಕ್ಕೆ?”

ಚಂದ್ರಶೇಖರಪ್ಪ ಬಿಳಿ ಹಾಳೆಯೊಂದನ್ನು ಅವಳ ಕಡೆ ತಳ್ಳಿದರು. “ಗೈರು ಅಳಿಸ್ತೇವೆ. ಹೆಸರೂ ಮೇಲೆ ಬರೀತೇವೆ. ಪ್ರಾಂಶುಪಾಲ ಹುದ್ದೆ ಬೇಡ ಅಂತ ಒಂದು ಸಾಲು ಕೊಡಿ. ಹೆಂಗಸರಿಗೆ ಮನೆ, ಸಂಸಾರ...”

ಅಲ್ಲೇ ಕೂತಿದ್ದ ವೆಂಕಟ್ರಮಣ ಗೊಣಗಿದ: “ನಂಗೂ ಸಂಸಾರ ಉಂಟು ಅಕ್ಕಾ.”

“ಹೌದನಾ? ನಿನ್ನ ಸಂಸಾರಕ್ಕೆ ಕುರ್ಚಿ, ನನ್ನ ಸಂಸಾರಕ್ಕೆ ‘ಬೇಡ’ ಅನ್ನೋ ಚೀಟಿ!”

ಹಾಳೆಯ ಮೇಲೆ ತಾನು ಸೇರಿದ ದಿನಾಂಕ ಬರೆದು ಇಲಾಖೆಗೇ ಆಕ್ಷೇಪಣೆ ಹಾಕಿದಳು. ಇಲಾಖೆ ಸೇವಾ ಪುಸ್ತಕ ತರಿಸಿತು. ಗೈರುಗಳು ಅಳಿದವು, ಪಟ್ಟಿ ತಿರುಗಿ ಅವಳ ಹೆಸರು ಮೊದಲಿಗೆ ಬಂತು.

ಜೂನ್‌ನಲ್ಲಿ ಕುರ್ಚಿ ಸಿಕ್ಕಿತು. ಆದರೆ ಮಂಡಳಿಯ ಆದೇಶದಲ್ಲಿದ್ದದ್ದು ‘ಪ್ರಭಾರ ಪ್ರಾಂಶುಪಾಲೆ’. ಖಾಯಂ ಮಾಡಿ ಎಂದು ವರ್ಷಕ್ಕೊಂದು ಅರ್ಜಿ ಕೊಟ್ಟಳು. ಆರು ಅರ್ಜಿ ಮುಗಿಯುವಷ್ಟರಲ್ಲಿ ನಿವೃತ್ತಿ ಬಂತು. ಬೀಳ್ಕೊಡುಗೆಯ ಕರೆಪತ್ರದಲ್ಲೂ ‘ಪ್ರಭಾರ’ ಎಂದೇ ಅಚ್ಚಾಗಿತ್ತು.

“ಆ ಶಬ್ದ ತೆಗೆದು ಮತ್ತೆ ಅಚ್ಚು ಹಾಕ್ಸಿ. ಆಮೇಲೆ ಬರ್ತೆ.”

ಸಮಾರಂಭ ನಡೆಯಲಿಲ್ಲ.