ದೇವರ ಮನೆಯಿಂದ ಮಹಡಿಗೆ ಎಳೆದ ವೈರು

ನಮ್ಮ ಮನೆಯ ರೂಟರ್ ಇರುವುದು ದೇವರ ಮನೆಯಲ್ಲಿ. ಕೇಳಿದವರೆಲ್ಲ ನಗುತ್ತಾರೆ. ನಗುವವರು ಒಂದು ವಾರ ನಮ್ಮ ಮನೆಯಲ್ಲಿದ್ದು ನೋಡಲಿ. ಪಾರ್ವತಿನಗರದ ಈ ಮನೆಗೆ ಇಂಟರ್ನೆಟ್ ಹಾಕಲು ಬಂದವನು ಕಂಬದ ವೈರನ್ನು ಹತ್ತಿರದ ಕಿಟಕಿಯಿಂದ ಒಳಗೆ ತೂರಿಸಿ, ಅಲ್ಲೇ ಮೊಳೆ ಹೊಡೆದು ರೂಟರ್ ತೂಗುಹಾಕಿ ಹೋಗಿಬಿಟ್ಟಿದ್ದ. ಸಂಜೆ ನಾನು ಕಚೇರಿಯಿಂದ ಬರುವಷ್ಟರಲ್ಲಿ ಅವ್ವ ಅದಕ್ಕೆ ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಮೇಲೊಂದು ಹೂವನ್ನೂ ಏರಿಸಿದ್ದಳು. ಅಲ್ಲಿಗೆ ಅದನ್ನು ಕದಲಿಸುವ ಮಾತು ಮುಗಿಯಿತು. ಜಳಕ ಮಾಡದೆ ಆ ಕೋಣೆಗೆ ಕಾಲಿಡುವಂತಿಲ್ಲ. ಬೆಳಿಗ್ಗೆ ಮಾಡಿದ್ದರೂ ಬೀದಿಗೆ ಹೋಗಿ ಬಂದರೆ ಮತ್ತೆ ಮಾಡಬೇಕು.

ಹೀಗೇ ನಡೆದುಕೊಂಡು ಹೋಗುತ್ತಿತ್ತು. ಒಂದು ಸೋಮವಾರ ನನ್ನ ಹೆಂಡತಿಗೆ ಸಿರುಗುಪ್ಪದ ಖಾಸಗಿ ಶಾಲೆಯೊಂದರಿಂದ ಸಂದೇಶ ಬಂತು. ಶುಕ್ರವಾರ ಹನ್ನೊಂದು ಗಂಟೆಗೆ ವಿಡಿಯೊದಲ್ಲಿ ಸಂದರ್ಶನ, ಜೊತೆಗೆ ಹತ್ತು ನಿಮಿಷ ಪಾಠ ಮಾಡಿ ತೋರಿಸಬೇಕು. ಮದುವೆಗೆ ಮುಂಚೆ ಅವಳು ತವರೂರು ಕುರುಗೋಡಿನಲ್ಲಿ ಎರಡು ವರ್ಷ ಪಾಠ ಹೇಳಿದವಳು. ಆಮೇಲೆ ಮಗಳು, ಮನೆ, ಅವ್ವನ ಕಾಯಿಲೆ ಎಂದು ಹದಿನೆಂಟು ವರ್ಷ ಕಳೆದವು. ಮಗಳು ಹಾಸ್ಟೆಲ್ ಸೇರಿದ ಮೇಲೆ ಹಾಕಿದ ಅರ್ಜಿಗಳಲ್ಲಿ ಉತ್ತರ ಬಂದದ್ದು ಇದೊಂದಕ್ಕೇ. ಆ ಸಂದೇಶವನ್ನು ಅವಳು ನನಗೆ ಮೂರು ಸಲ ಓದಿ ಹೇಳಿದಳು.

ಕೆಳಗೆ ಟಿವಿ, ಕುಕ್ಕರು, ಬಂದು ಹೋಗುವವರು. ಗದ್ದಲವಿಲ್ಲದ್ದು ಮಹಡಿಯ ಕೋಣೆಯೊಂದೇ. ಆದರೆ ಹಳೆಯ ಕಲ್ಲುಗೋಡೆ ದಾಟಿ ವೈಫೈ ಅಲ್ಲಿಗೆ ತಲುಪುವುದಿಲ್ಲ.

"ಬಿಡ್ರಿ, ನಾ ಬಯಲು ಮಾಳಿಗಿ ಮ್ಯಾಲೆ ಹೋಗಿ ಮೊಬೈಲ್‌ನಾಗ ಮಾಡ್ತೀನಿ. ಅಲ್ಲಿ ಸಿಗ್ನಲ್ ಬರ್ತೈತಿ" ಎಂದಳು.

"ಈ ಬಿಸಿಲಾಗ? ನಾ ಯಾಕ ಅದೀನಿ?" ಎಂದು ರೇಗಿದೆ. ಕಚೇರಿಯಲ್ಲಿ ಯಾರ ಕಂಪ್ಯೂಟರ್ ಕೆಟ್ಟರೂ ಕರೆಯುವುದು ನನ್ನನ್ನೇ. ಆ ಜಂಬ ಸಣ್ಣದಲ್ಲ. ರಜೆ ಹಾಕಿ, ಗಾಂಧಿನಗರದ ಅಂಗಡಿಯಿಂದ ಅಕ್ಸೆಸ್ ಪಾಯಿಂಟ್ ಎಂಬ ಬಿಳಿ ಡಬ್ಬಿ ತಂದೆ. ಕೆಳಗಿನ ರೂಟರಿನಿಂದ ಒಂದು ವೈರು ಎಳೆದು ಇದಕ್ಕೆ ಸಿಕ್ಕಿಸಿದರೆ ಮಹಡಿಯಲ್ಲೂ ವೈಫೈ ಹಬ್ಬುತ್ತದೆ. ಅರ್ಧ ಗಂಟೆಯ ಕೆಲಸ ಎಂದ ಅಂಗಡಿಯವನು. ಅವನ ಬಾಯಿಗೆ ಮಣ್ಣು ಹಾಕ.

ಮೊದಲ ದಿನವೇ ತಲೆ ಕೆಟ್ಟಿತು. ಹಳೆಯ ಡಬ್ಬಿಗೂ ಹೊಸ ಡಬ್ಬಿಗೂ ಕಾರ್ಖಾನೆಯಿಂದ ಬರುವಾಗಲೇ ಒಂದೇ ವಿಳಾಸ. ನಾನು ಒಂದನ್ನು ಕರೆದರೆ ಇನ್ನೊಂದು ಓಗೊಡುತ್ತಿತ್ತು. ಮನೆಯ ಫೋನುಗಳಿಗೆ ನಂಬರು ಹಂಚುವುದು ತನ್ನದೇ ಕೆಲಸ ಎಂದು ಎರಡೂ ಹಟ ಹಿಡಿದಿದ್ದವು. ಅವುಗಳ ಜಗಳ ಬಿಡಿಸಲು ಕೆಳಗೆ ಹೋಗಿ ವೈರು ಬಿಚ್ಚಬೇಕು, ಹಾಕಬೇಕು, ಮತ್ತೆ ಬಿಚ್ಚಬೇಕು. ನಡುನಡುವೆ ಅಂಗಡಿಗೆ ಓಡಿ ಬಂದ ಪ್ರತಿ ಸಲವೂ ಅವ್ವ ಬಾಗಿಲಲ್ಲಿ ಕೈ ಅಡ್ಡ ಹಿಡಿಯುವಳು.

"ಹೊರಗ ಹೋಗಿ ಬಂದೀಯಲ್ಲ, ಜಳಕ ಮಾಡಿಯೇನ್ಲೇ?"

ಬುಧವಾರ ಒಂದೇ ದಿನ ನಾನು ನಾಲ್ಕು ಸಲ ಜಳಕ ಮಾಡಿದೆ. ತಲೆ ಒರೆಸಿಕೊಳ್ಳುತ್ತಾ ಮೇಲೆ ಹತ್ತುವಾಗ ಹೆಂಡತಿ ಪುಸ್ತಕ ಹಿಡಿದು ಮೆಟ್ಟಿಲ ಬಳಿ ನಿಂತಿರುತ್ತಿದ್ದಳು.

"ಒಂದ್ಸಲ ನನ್ನ ಪಾಠ ಕೇಳ್ರಿ. ಹತ್ತು ನಿಮಿಷದಾಗ ಮುಗೀತೈತೋ ಇಲ್ಲೋ ನೋಡೂಣು."

"ಮೊದ್ಲು ಇದು ಹತ್ಲಿ ತಡಿ. ಇದು ಹತ್ತದಿದ್ರ ನಿನ್ನ ಪಾಠ ತಗೊಂಡು ಏನ್ ಮಾಡೂದು?"

ಗುರುವಾರವೂ ಕೇಳಿದಳು, ನಾನೂ ಅದನ್ನೇ ಹೇಳಿದೆ. ಆ ಹೊತ್ತಿಗೆ ಡಬ್ಬಿಗಳ ಜಗಳ ಮುಗಿದು, ಮಹಡಿಯಲ್ಲಿ ನೆಟ್ ಬಂದಿತ್ತು. ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಒಂದು ವೈರು ಕೈಕೊಟ್ಟರೆ ಇರಲಿ ಎಂದು ಇನ್ನೊಂದನ್ನೂ ಎಳೆದೆ. ಮೇಲಿನ ಡಬ್ಬಿಗೆ ಎರಡೂ ವೈರುಗಳನ್ನು ಸಿಕ್ಕಿಸಿ, ಕೆಳಗೆ ಎರಡನೆಯದರ ತುದಿಯನ್ನು ಸುಮ್ಮನೆ ಜೋತಾಡಲು ಬಿಟ್ಟೆ.

ಶುಕ್ರವಾರ ಬೆಳಿಗ್ಗೆ ಅವ್ವ ದೇವರ ಮನೆ ತೊಳೆಯುವ ದಿನ. ಹತ್ತು ಗಂಟೆಗೆ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿಯಿದೆ ಎಂದು ನೋಡಿ, ಗೆದ್ದವನಂತೆ ಚಹಾ ಕುಡಿಯಲು ಹೊರಗೆ ಹೋದೆ. ಹತ್ತೂ ನಲವತ್ತಕ್ಕೆ ವಾಪಸು ಬಂದರೆ ಮಹಡಿಯಲ್ಲಿ ನೆಟ್ ಇಲ್ಲ. ಕೆಳಗೂ ಇಲ್ಲ. ದಡದಡ ಇಳಿದು ದೇವರ ಮನೆಗೆ ನುಗ್ಗಿದೆ. ಅವ್ವನ ಕೈ ಅಡ್ಡ ಬಂತು.

"ಇಂಟರ್‌ವ್ಯೂ ಐತಿ ಅವಳದು! ಇನ್ನ ಇಪ್ಪತ್ತ ನಿಮಿಷ!"

"ಚೊಂಬು ನೀರು ಹಾಕ್ಕೊಳ್ಳಾಕ ಎಷ್ಟೊತ್ತು ಬೇಕಲೇ? ಇವತ್ತ ಶುಕ್ರವಾರ."

ಎರಡು ಚೊಂಬು ನೀರು ಸುರಿದುಕೊಂಡು, ಸಿಟ್ಟಿನಲ್ಲಿ ಚೊಂಬು ಎಸೆದೆ, ಅದು ನೆಗ್ಗಿತು. ಒದ್ದೆ ಮೈಯಲ್ಲೇ ಇಕ್ಕಳ ಹಿಡಿದು ಒಳಗೆ ಹೋಗಿ ರೂಟರ್ ಆರಿಸಿ ಹಚ್ಚಿದೆ, ಇಲ್ಲ. ಮತ್ತೆ ಹಚ್ಚಿದೆ, ಇಲ್ಲ. ಹನ್ನೊಂದು ದಾಟಿದ ಮೇಲೆ ಕಣ್ಣಿಗೆ ಬಿತ್ತು, ಜೋತಾಡುತ್ತಿದ್ದ ತುದಿ ರೂಟರಿನ ಖಾಲಿ ತೂತಿನಲ್ಲಿ ನೀಟಾಗಿ ಕೂತಿತ್ತು.

"ಇದನ್ನ ಯಾರು ಹಾಕಿದ್ರು?"

"ನಾನ ಹಾಕೀನಿ. ದೇವರ ಮುಂದ ಹಂಗ ಜೋತಾಡಾಕತ್ತಿತ್ತು, ಪಕ್ಕದಾಗ ತೂತು ಖಾಲಿ ಇತ್ತು."

ಒಂದು ವೈರಿನಲ್ಲಿ ಮೇಲೆ ಹೋದ ಸಂಕೇತ ಇನ್ನೊಂದರಲ್ಲಿ ಕೆಳಗಿಳಿದು, ಮತ್ತೆ ಮೇಲೆ ಹೋಗಿ, ಸುತ್ತುತ್ತಲೇ ಇತ್ತು. ಬೇರೇನೂ ನುಸುಳಲು ಜಾಗವಿರಲಿಲ್ಲ. ವೈರು ಕಿತ್ತೆ. ನೆಟ್ ಬಂತು. ಬಂತು, ಬಂತು ಎಂದು ಕೂಗುತ್ತಾ ಮೇಲೆ ಓಡಿದರೆ ಕೋಣೆಯಲ್ಲಿ ಯಾರೂ ಇಲ್ಲ.

ಮಾಳಿಗೆಯಿಂದ ಅವಳ ಧ್ವನಿ ಕೇಳಿಸಿತು. ಬಿಸಿಲಲ್ಲಿ ನಿಂತು, ನೀರಿನ ಟ್ಯಾಂಕಿಗೆ ಮೊಬೈಲ್ ಒರಗಿಸಿ ಪಾಠ ಮಾಡುತ್ತಿದ್ದಳು. ಮುಖ ಕೆಂಪಾಗಿ ಬೆವರು ಇಳಿಯುತ್ತಿತ್ತು, ಆದರೆ ಮಾತು ಎಲ್ಲೂ ತೊದಲಲಿಲ್ಲ. ಅಂಥ ಧ್ವನಿ ಅವಳಿಗಿದೆ ಎಂದು ನನಗೆ ಗೊತ್ತಿರಲಿಲ್ಲ. ಪಕ್ಕದ ತಟ್ಟೆಯಲ್ಲಿ ಹರಿದ ರೊಟ್ಟಿ ಇತ್ತು. ನಾಷ್ಟಾ ಮಾಡಲೂ ಹೊತ್ತು ಸಿಕ್ಕಿಲ್ಲ ಪಾಪ ಎಂದುಕೊಂಡೆ. ನೆಟ್ ಬಂತೆಂದು ಕೈಸನ್ನೆ ಮಾಡಿದೆ. ಅವಳು ಮಾತು ನಿಲ್ಲಿಸದೆ, ತಡವಾಗಿ ಬಂದ ಹುಡುಗನಿಗೆ ತೋರಿಸುವಂತೆ, ಕೂತ್ಕೋ ಎಂದು ಅಂಗೈ ತೋರಿಸಿದಳು. ಕಾದ ಮೆಟ್ಟಿಲ ಮೇಲೆ ಕೂತೆ.

ಮುಗಿಸಿ ಬಂದವಳಿಗೆ "ನೆಟ್ ಬಂತು ನೋಡು" ಎಂದೆ.

"ಬರ್ಲಿ ಬಿಡ್ರಿ" ಎಂದು ತಟ್ಟೆ ಎತ್ತಿಕೊಂಡು ಇಳಿದಳು.

ಕೆಳಗೆ ಅವ್ವ ಕಾಯುತ್ತಿದ್ದಳು. "ಏನವಾ, ನಾ ಹೇಳ್ದಂಗ ರೊಟ್ಟಿ ಹರದು ತೋರ್ಸಿದ್ಯೇನು? ಅರ್ಧ, ಕಾಲು, ಎಲ್ಲಾ ಹೇಳಿದಿ?"

"ಹೇಳಿದೆ ಅತ್ತಿ. ನಿನ್ನೆ ಪಾಠ ಕೇಳಿ ನೀವು ಮುಕ್ಕಾಲು ಬಿಟ್ಟೀದಿ ಅಂದಿದ್ರಲ್ಲ, ಅದನ್ನೂ ಹೇಳಿದೆ."

ನಾನು ಮೆಟ್ಟಿಲ ಮೇಲೆ ಇಕ್ಕಳ ಹಿಡಿದು ನಿಂತಿದ್ದೆ. ನಾಚಿಕೆಯಾಯಿತು. ಮುಂದಿನ ವಾರ ಕೆಲಸ ಸಿಕ್ಕಿತೆಂದು ಸಂದೇಶ ಬಂದಾಗ ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಅವಳು ಎದ್ದು ಹೋಗಿ ಮೊದಲು ಅವ್ವನಿಗೆ ಓದಿ ಹೇಳಿದಳು.